ಚರ್ಮ ಥರ್ಮಾಮೀಟರ್ ಅಲ್ಲ: ಜೋಡಿಗಳ ಬಿಸಿ-ತಣ್ಣನೆ ಆಟದ ಹಿಂದಿನ ಲೆಕ್ಕ

ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಿ ಕರೆಂಟು ಹೋಗುವುದು ಕೊಡಗಿನವರಿಗೆ ಹೊಸದಲ್ಲ. ಮರ ಬಿದ್ದು ಲೈನ್ ಕಡಿದರೆ ಎರಡು ದಿನ ಕತ್ತಲೆಯೇ. ಹಾಗಾಗಿ ಇಲ್ಲಿನ ಮನೆಗಳಲ್ಲಿ ಒಂದು ಪ್ಯಾಕೆಟ್ ಮೇಣದಬತ್ತಿ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ. ಅದನ್ನು ಹಿಡಿದು ಅಡುಗೆಮನೆಯಿಂದ ಕೋಣೆಗೆ ಹೋಗುವಾಗ ಮಣಿಕಟ್ಟಿನ ಮೇಲೆ ಒಂದು ಹನಿ ಬೀಳುತ್ತದೆ. 'ಸ್ಸ್' ಅಂತ ಕೈ ಹಿಂದೆ ಎಳೆದುಕೊಳ್ಳುವಷ್ಟರಲ್ಲಿ ಹನಿ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಉರಿ ಹೋಗಿ, ಅಲ್ಲೊಂದು ಹಿತವಾದ ಬಿಸಿ ಉಳಿದಿರುತ್ತದೆ.

ಉರಿಗೂ ಹಿತಕ್ಕೂ ನಡುವಿನ ಆ ಒಂದೆರಡು ಸೆಕೆಂಡನ್ನು ಕೆಲವು ಜೋಡಿಗಳು ಬೇಕಂತಲೇ ಹುಡುಕುತ್ತಾರೆ. ಬೆನ್ನ ಮೇಲೆ ಐಸ್ ತುಂಡು ಓಡಿಸುವುದು, ಬೆಚ್ಚನೆಯ ಎಣ್ಣೆ ಸುರಿಯುವುದು, ಮೇಣದ ಹನಿ ಬಿಡುವುದು, ಫ್ರಿಜ್‌ನಲ್ಲಿಟ್ಟ ಚಮಚವನ್ನು ಕುತ್ತಿಗೆಗೆ ತಾಗಿಸುವುದು. ಇಂಗ್ಲಿಷ್ ಬಲ್ಲವರು ಇದನ್ನು 'ಟೆಂಪರೇಚರ್ ಪ್ಲೇ' ಅನ್ನುತ್ತಾರೆ. ಕನ್ನಡದಲ್ಲಿ ಬಿಸಿ-ತಣ್ಣನೆ ಆಟ ಅಂದರೆ ಸಾಕು. 18 ದಾಟಿದ ಇಬ್ಬರು, ಇಬ್ಬರೂ ಮನಸ್ಸಾರೆ ಒಪ್ಪಿ, ಮುಚ್ಚಿದ ಬಾಗಿಲ ಹಿಂದೆ ಆಡುವ ಆಟ.

ಮೊಬೈಲ್‌ನ ಪುಟ್ಟ ವಿಡಿಯೊಗಳಲ್ಲಿ ಇದನ್ನು ನೋಡಿ, ಚಳಿಗಾಲದ ಹೋಂಸ್ಟೇ ರಾತ್ರಿಯಲ್ಲಿ ಮಾಡಿ ನೋಡೋಣ ಅನ್ನುವವರು ಇದ್ದಾರೆ. ಆದರೆ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಯಾವ ಮೇಣ, ಎಷ್ಟು ಎತ್ತರ, ಎಷ್ಟು ಹೊತ್ತು ಅನ್ನುವುದು ಇರುವುದಿಲ್ಲ.

ಚರ್ಮಕ್ಕೆ ನಿಜವಾಗಿ ಗೊತ್ತಾಗುವುದೇನು?

ಒಂದು ಹಳೆಯ ಪ್ರಯೋಗವಿದೆ. ಮೂರು ಪಾತ್ರೆ ತಗೊಳ್ಳಿ. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಒಂದು ಕೈ ಬಿಸಿಯಲ್ಲಿ, ಇನ್ನೊಂದು ತಣ್ಣೀರಿನಲ್ಲಿ ಒಂದು ನಿಮಿಷ ಇರಲಿ. ಆಮೇಲೆ ಎರಡನ್ನೂ ನಡುವಿನ ಪಾತ್ರೆಗೆ ಹಾಕಿ. ನೀರು ಒಂದೇ. ಆದರೆ ಒಂದು ಕೈ 'ತಣ್ಣಗಿದೆ' ಅನ್ನುತ್ತದೆ, ಇನ್ನೊಂದು 'ಬಿಸಿ' ಅನ್ನುತ್ತದೆ.

ಅಂದರೆ ಚರ್ಮ ಡಿಗ್ರಿ ಅಳೆಯುವುದಿಲ್ಲ. ಈಗಷ್ಟೇ ಇದ್ದದ್ದಕ್ಕಿಂತ ಎಷ್ಟು ಬದಲಾಯಿತು ಅನ್ನುವುದನ್ನು ಹೇಳುತ್ತದೆ. ಆಟದ ಮಜಾ ಇರುವುದೂ ಇಲ್ಲೇ, ಅಪಾಯ ಇರುವುದೂ ಇಲ್ಲೇ. ಐಸ್ ಓಡಿಸಿದ ಜಾಗಕ್ಕೆ ಬರೀ ಬೆಚ್ಚಗಿನ ಅಂಗೈ ಇಟ್ಟರೂ ಕೆಂಡದಂತೆ ಅನಿಸಬಹುದು. ಉಲ್ಟಾ ಕೂಡ ಆಗುತ್ತದೆ. ಚಳಿಗೆ ಮರಗಟ್ಟಿದ ಚರ್ಮಕ್ಕೆ ನಿಜವಾಗಿಯೂ ಸುಡುವ ವಸ್ತು ತಾಗಿದರೂ ಬೇಗ ಗೊತ್ತಾಗದೆ ಹೋಗಬಹುದು.

ನಮ್ಮ ಚರ್ಮದ ಮೇಲ್ಮೈ ಸಾಮಾನ್ಯವಾಗಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದರ ಕೆಳಗಿನ ನರಗಳ ತುದಿಯಲ್ಲಿ ಚಿಕ್ಕ ಚಿಕ್ಕ ಬಾಗಿಲುಗಳಿವೆ. ಒಂದೊಂದು ಬಾಗಿಲು ಒಂದೊಂದು ಬಿಸಿಗೆ ತೆರೆಯುತ್ತದೆ. ಟಿಆರ್‌ಪಿವಿ1 ಅನ್ನುವುದು ಸುಮಾರು 43 ಡಿಗ್ರಿ ದಾಟಿದಾಗ ತೆರೆದು 'ಉರಿ' ಅಂತ ಸುದ್ದಿ ಕಳಿಸುತ್ತದೆ. ಟಿಆರ್‌ಪಿಎಂ8 ಅನ್ನುವುದು ತಂಪಿನ ಬಾಗಿಲು. ಸುಮಾರು 25 ಡಿಗ್ರಿಗಿಂತ ಕೆಳಗೆ ಚೆನ್ನಾಗಿಯೇ ತೆರೆದುಕೊಳ್ಳುತ್ತದೆ. ಈ ಬಗೆಯ ಬಾಗಿಲುಗಳನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಂತು.

ತಂಪಿನ ಸುದ್ದಿ ಹೊತ್ತು ಹೋಗುವ ನರಗಳು ವೇಗದವು. ಬಿಸಿಯ ಹಿತ ಹೊತ್ತು ಹೋಗುವವು ನಿಧಾನ, ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್. ಅದಕ್ಕೇ ಐಸ್ ತಾಗಿದ ತಕ್ಷಣ ಮೈ ಜುಮ್ಮೆನ್ನುತ್ತದೆ, ಬಿಸಿ ಮಾತ್ರ ಒಂದು ಉಸಿರು ತಡವಾಗಿ ಬಂದು ಆಮೇಲೆ ಹರಡುತ್ತದೆ. ಬಿಸಿ ಹಾಕಿ, 'ಏನೂ ಅನಿಸ್ತಿಲ್ವಾ?' ಅಂತ ಕೂಡಲೇ ಇನ್ನಷ್ಟು ಹಾಕುವುದು ಹೊಸಬರು ಮಾಡುವ ತಪ್ಪು. ಎರಡು ಮೂರು ಸೆಕೆಂಡು ಕಾಯಬೇಕು.

ಇನ್ನೊಂದು ವಿಚಿತ್ರ. 1896ರಲ್ಲಿ ಸ್ವೀಡನ್ನಿನ ಟಾರ್ಸ್ಟೆನ್ ಥುನ್‌ಬರ್ಗ್ ಬೆಚ್ಚಗಿನ ಸರಳು, ತಣ್ಣನೆಯ ಸರಳು ಒಂದರ ಪಕ್ಕ ಒಂದು ಜೋಡಿಸಿ ಕೈ ಇಡಿಸಿದರು. ಬೇರೆ ಬೇರೆಯಾಗಿ ಮುಟ್ಟಿದರೆ ಎರಡೂ ಏನೂ ಮಾಡುವುದಿಲ್ಲ. ಒಟ್ಟಿಗೆ ಮುಟ್ಟಿದರೆ ಸುಟ್ಟಂತೆ ಉರಿಯುತ್ತದೆ! ಸುಡುವುದೇ ಇಲ್ಲದಿದ್ದರೂ ಮೆದುಳು ಸುಟ್ಟಿತು ಅನ್ನುತ್ತದೆ. ಕಣ್ಣು ಕಟ್ಟಿಕೊಂಡಿದ್ದರೆ ಈ ಗೊಂದಲ ಇನ್ನೂ ಜಾಸ್ತಿ. ಹಾಗಾಗಿ ಸಂಗಾತಿ 'ಉರೀತಿದೆ' ಅಂದಾಗ 'ಇದು ಐಸು ಕಣೆ' ಅಂತ ವಾದ ಮಾಡಬೇಡಿ. ತೆಗೆಯಿರಿ, ಆಮೇಲೆ ಮಾತಾಡಿ.

ಮಾತು ಮೊದಲು, ಮೇಣ ಆಮೇಲೆ

ಚರ್ಮದ ಮಾತನ್ನು ಪೂರ್ತಿ ನಂಬುವಂತಿಲ್ಲ ಅಂದಮೇಲೆ ಬಾಯಿಮಾತು ಬೇಕೇ ಬೇಕು. ಅದನ್ನು ಹಾಸಿಗೆಯಲ್ಲಿ ಅಲ್ಲ, ಸಂಜೆ ಕಾಫಿ ಕುಡಿಯುವಾಗ ಆಡಿ ಮುಗಿಸಿ. ಮೈಯ ಯಾವ ಭಾಗ ಸರಿ, ಯಾವುದು ಬೇಡವೇ ಬೇಡ. ಹಳೆಯ ಗಾಯ, ಅಲರ್ಜಿ, ಭಯ ಏನಾದರೂ ಇದೆಯಾ. ಕಣ್ಣು ಕಟ್ಟುವುದು ಸರಿಯಾ.

ನಿಲ್ಲಿಸುವುದಕ್ಕೆ ಒಂದು ಪದ ಗೊತ್ತು ಮಾಡಿಕೊಳ್ಳಬೇಕು. 'ಸಾಕು', 'ಬೇಡ' ಅನ್ನುವುದನ್ನು ನಾವು ನಗುತ್ತಾ, ಮುದ್ದಿಗೂ ಹೇಳಿಬಿಡುತ್ತೇವೆ. ಹಾಗಾಗಿ ಆ ಹೊತ್ತಿನಲ್ಲಿ ಯಾರ ಬಾಯಲ್ಲೂ ಬರದ ಪದ ಒಳ್ಳೆಯದು. ನಮ್ಮ ಕೊಡಗಿನ ತಿಂಡಿ 'ಪಾಪುಟ್ಟು' ಹೆಸರನ್ನೇ ಇಟ್ಟುಕೊಂಡರೆ ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ. ಇಷ್ಟಾಗಿಯೂ ಆ ಪದ ಬರಲಿಲ್ಲ, ಸುಮ್ನೆ 'ಬೇಡ' ಅಂದರು ಅಂತಿಟ್ಟುಕೊಳ್ಳಿ. ಆಗಲೂ ನಿಲ್ಲಿಸಲೇಬೇಕು. ಮಾತೇ ಹೊರಡದ ಸಂದರ್ಭಕ್ಕೆ ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದಿರಲಿ. ಅದು ಕೆಳಗೆ ಬಿತ್ತು ಅಂದರೆ ಆಟ ನಿಂತಿತು.

ಕಾನೂನೂ ಒಪ್ಪಿಗೆಯನ್ನು ಹೀಗೇ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಪ್ರಕಾರ ಒಪ್ಪಿಗೆ ಅಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ಪಷ್ಟವಾಗಿ, ತಾನಾಗಿಯೇ, ಆ ನಿರ್ದಿಷ್ಟ ಕ್ರಿಯೆಗೆ ಕೊಟ್ಟ ಸಮ್ಮತಿ. ಮೈಯಿಂದ ತಡೆಯಲಿಲ್ಲ ಅನ್ನುವುದೊಂದೇ ಒಪ್ಪಿಗೆ ಆಗುವುದಿಲ್ಲ. ಐಸ್‌ಗೆ ಹೂಂ ಅಂದವರು ಮೇಣಕ್ಕೂ ಹೂಂ ಅಂದಂತಲ್ಲ. ಹೋದ ವಾರ ಒಪ್ಪಿದ್ದು ಈ ವಾರಕ್ಕೆ ನಡೆಯುವುದಿಲ್ಲ.

ಕುಡಿತದ ಮಾತು ಕೊಡಗಿನಲ್ಲಿ ಹೇಳದೆ ಬಿಡುವ ಹಾಗಿಲ್ಲ. ಚಳಿಗೆ ಒಂದು ಪೆಗ್, ಮನೆಯಲ್ಲೇ ಮಾಡಿದ ವೈನ್, ಇವೆಲ್ಲ ಇಲ್ಲಿ ಸಹಜ. ಆದರೆ ಈ ಆಟಕ್ಕೆ ಮುಂಚೆ ಬೇಡ. ಮದ್ಯ ನೋವನ್ನು ಮಂದ ಮಾಡುತ್ತದೆ, ಕೈ ನಡುಗಿಸುತ್ತದೆ. ತಲೆಗೆ ಏರಿದ ಮೇಲೆ ಕೊಟ್ಟ ಒಪ್ಪಿಗೆಗೆ ಬೆಲೆಯೂ ಇಲ್ಲ.

ತಣ್ಣನೆಯದರಿಂದ ಶುರು ಮಾಡಿ

ಮೊದಲ ಸಲಕ್ಕೆ ತಣ್ಣನೆಯದೇ ವಾಸಿ. ತಪ್ಪಿದರೂ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಫ್ರೀಜರ್‌ನಿಂದ ಆಗಷ್ಟೇ ತೆಗೆದ ಐಸ್ ಸೊನ್ನೆ ಡಿಗ್ರಿ ಇರುವುದಿಲ್ಲ. ಮೈನಸ್ 18ರ ಹತ್ತಿರ ಇರುತ್ತದೆ. ಅದಕ್ಕೇ ಒದ್ದೆ ಬೆರಳಿಗೆ ಅಂಟಿಕೊಳ್ಳುವುದು. ಐದು ನಿಮಿಷ ಬಟ್ಟಲಲ್ಲಿ ಹೊರಗಿಡಿ. ಮೇಲೆಲ್ಲ ನೀರೊಡೆದು ಹೊಳೆಯತೊಡಗಿದರೆ ಅದರ ಮೇಲ್ಮೈ ಸೊನ್ನೆಗೆ ಬಂದಿದೆ ಅಂತ ಅರ್ಥ. ಈಗ ಅಂಟುವುದಿಲ್ಲ. ಆಮೇಲೂ ಒಂದೇ ಜಾಗದಲ್ಲಿ ಇಡಬೇಡಿ, ಓಡಿಸುತ್ತಲೇ ಇರಿ.

ಚಳಿ ಚರ್ಮದ ಮೇಲೆ ನಾಲ್ಕು ಮೆಟ್ಟಿಲು ಹತ್ತುತ್ತದೆ. ಮೊದಲು ತಣ್ಣಗೆ, ಆಮೇಲೆ ಉರಿ, ಆಮೇಲೆ ಸೆಳೆತದ ನೋವು, ಕೊನೆಗೆ ಮರಗಟ್ಟುವುದು. ಉಳುಕಿಗೆ ಐಸ್ ಇಡುವ ಫಿಸಿಯೋಥೆರಪಿಯವರು ಎಣಿಸುವುದೂ ಇದೇ ಮೆಟ್ಟಿಲು. ಆಟಕ್ಕೆ ಮೊದಲ ಮೆಟ್ಟಿಲು ಸಾಕು, ಎರಡನೆಯದು ಬಂದಾಗ ಜಾಗ ಬದಲಿಸಿ. 'ಈಗ ನೋವೇ ಇಲ್ಲ' ಅಂದರೆ ಅದು ಒಳ್ಳೆ ಸುದ್ದಿಯಲ್ಲ. ನಾಲ್ಕನೇ ಮೆಟ್ಟಿಲಿಗೆ ಬಂದಿದ್ದೀರಿ, ಚರ್ಮ ಇನ್ನು ಎಚ್ಚರಿಸುವುದಿಲ್ಲ.

ಲೋಹದ ವಿಷಯ ಬೇರೆ. ಒಂದೇ ಫ್ರಿಜ್‌ನಲ್ಲಿಟ್ಟ ಮರದ ಸೌಟಿಗಿಂತ ಸ್ಟೀಲ್ ಚಮಚ ಎಷ್ಟೋ ತಣ್ಣಗೆ ಅನಿಸುತ್ತದೆ. ಎರಡರ ಡಿಗ್ರಿಯೂ ಒಂದೇ. ಲೋಹ ಮೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅಷ್ಟೇ. ಚಮಚವನ್ನು ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಫ್ರೀಜರ್ ಚಮಚ ತುಟಿಗೆ, ನಾಲಿಗೆಗೆ ಅಂಟಿದರೆ ಚರ್ಮ ಕಿತ್ತು ಬರುತ್ತದೆ. ಒಂದು ವೇಳೆ ಅಂಟಿದರೆ ಎಳೆಯಬೇಡಿ, ಉಗುರುಬೆಚ್ಚಗಿನ ನೀರು ಹುಯ್ಯಿರಿ. ಮದುವೆ ಮಂಟಪದಲ್ಲಿ ಹೊಗೆ ಬಿಡಿಸಲು ತರುವ ಡ್ರೈ ಐಸ್ ಮೈನಸ್ 78 ಡಿಗ್ರಿ. ಅದು ಆಟದ ಸಾಮಾನೇ ಅಲ್ಲ. ಐಸ್ ತುಂಡನ್ನು ಮೈಯೊಳಗೆ ಸೇರಿಸುವುದೂ ಬೇಡ. ಒಳಗಿನ ಪೊರೆ ತೆಳು, ಹೊರಚರ್ಮದಷ್ಟು ತಡೆಯುವುದಿಲ್ಲ.

ಮೇಣ: ನಮ್ಮ ಜೇನುಮೇಣವೇ ಇಲ್ಲಿ ಮೋಸ ಮಾಡುವುದು

ಕೊಡಗಿನವರು ಎಡವುವುದು ಇಲ್ಲಿ ಅಂತ ನನಗನಿಸುತ್ತದೆ. ಜೇನು ನಮ್ಮ ಹೆಮ್ಮೆ. ತುಡುವೆ ಪೆಟ್ಟಿಗೆ ಇಟ್ಟವರ ಮನೆಯಲ್ಲಿ ಮೇಣವೂ ಸಿಗುತ್ತದೆ. 'ಕೆಮಿಕಲ್ ಇಲ್ಲ, ನ್ಯಾಚುರಲ್, ಅಂದಮೇಲೆ ಇದೇ ಸೇಫ್' ಅಂತ ಲೆಕ್ಕ ಹಾಕಿ ಒಂದು ಸಲ ನಾನೂ ನನ್ನ ತೋಳಿನ ಮೇಲೆ ಹನಿ ಬಿಟ್ಟುಕೊಂಡಿದ್ದೆ. ಕಾಸಿನಗಲದ ಕೆಂಪು ಕಲೆ ಹೋಗಲು ವಾರ ಹಿಡಿಯಿತು.

ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಯಲ್ಲಿ. ಅಂಗಡಿಯ ಸಾದಾ ಮೇಣದಬತ್ತಿಯ ಪ್ಯಾರಫಿನ್, ಬೆರಕೆಗೆ ತಕ್ಕಂತೆ, 46ರಿಂದ 68ರವರೆಗೆ ಎಲ್ಲಿ ಬೇಕಾದರೂ ಕರಗಬಹುದು. ಸೋಯಾ ಮೇಣ ಸುಮಾರು 50ರ ಆಸುಪಾಸು. ಮೈಗೆಂದೇ ಮಾಡಿದ ಮಸಾಜ್ ಕ್ಯಾಂಡಲ್‌ಗಳಲ್ಲಿ ಎಣ್ಣೆ ಬೆರೆಸಿರುತ್ತಾರೆ, ಅವು ಇನ್ನೂ ಕಡಿಮೆ ಬಿಸಿಗೆ ಕರಗುತ್ತವೆ. ಬಣ್ಣ, ಸುವಾಸನೆ ಸೇರಿಸಿದ ಅಲಂಕಾರದ ಕ್ಯಾಂಡಲ್‌ಗಳಲ್ಲಿ ಏನಿದೆ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಅವನ್ನು ಬಿಟ್ಟುಬಿಡಿ.

ಹಾಗಾದರೆ ಈ ಡಿಗ್ರಿಗಳಿಗೆ ಚರ್ಮ ಎಷ್ಟು ಹೊತ್ತು ತಡೆಯುತ್ತದೆ? 1947ರಲ್ಲಿ ಮೊರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ವಿಜ್ಞಾನಿಗಳು ಇದನ್ನು ಅಳೆದರು. 44 ಡಿಗ್ರಿಯಲ್ಲಿ ಚರ್ಮ ಸುಡಲು ಸುಮಾರು ಆರು ಗಂಟೆ ಬೇಕು. 49ಕ್ಕೆ ಬಂದರೆ ಕೆಲವೇ ನಿಮಿಷ. 60ಕ್ಕೆ ಐದೇ ಸೆಕೆಂಡು. ಡಿಗ್ರಿ ಸ್ವಲ್ಪ ಏರಿದರೆ ಸಮಯ ಧಡಾರನೆ ಇಳಿಯುತ್ತದೆ. 50ರ ಮೇಣಕ್ಕೂ 63ರ ಮೇಣಕ್ಕೂ ಇರುವ ಅಂತರ ಇದೇ.

ಹಾಗಿದ್ದರೂ ಮಣಿಕಟ್ಟಿನ ಆ ಒಂದು ಹನಿ ಯಾಕೆ ಸುಡಲಿಲ್ಲ? ಹನಿ ಚಿಕ್ಕದು, ಅದರಲ್ಲಿರುವ ಬಿಸಿಯ ಗಂಟೂ ಚಿಕ್ಕದು. ಬೀಳುತ್ತಾ ಗಾಳಿಯಲ್ಲಿ ಒಂದಿಷ್ಟು ಆರುತ್ತದೆ, ಚರ್ಮಕ್ಕೆ ತಾಗಿ ತೆಳ್ಳಗೆ ಹರಡಿ ಗಟ್ಟಿಯಾಗುತ್ತದೆ. ಅದೇ ಜಾಗಕ್ಕೆ ಹನಿಯ ಮೇಲೆ ಹನಿ ಬಿದ್ದರೆ ಕಥೆ ಬೇರೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲ, ಒಳಗೇ ಕೂಡುತ್ತದೆ. ಬತ್ತಿಯ ಸುತ್ತ ಕೊಳದಂತೆ ನಿಂತ ಮೇಣವಂತೂ ಕರಗುವ ಡಿಗ್ರಿಗಿಂತ ಎಷ್ಟೋ ಮೇಲಿರುತ್ತದೆ. ಅದನ್ನು ಒಮ್ಮೆಲೇ ಸುರಿದರೆ ಬೊಬ್ಬೆ ಗ್ಯಾರಂಟಿ. ಸುರಿಯಲೇಬೇಕು ಅಂದರೆ ದೀಪ ಆರಿಸಿ, ಮೇಣದ ಅಂಚು ಮಂಜಾಗುವವರೆಗೆ ಕಾಯಿರಿ.

ಎತ್ತರ ಮೊದಲಿಗೆ ಒಂದು ಮೊಳಕ್ಕಿಂತ ಜಾಸ್ತಿಯೇ ಇರಲಿ. ಮೊದಲ ಹನಿ, ಮೇಣದಬತ್ತಿ ಹಿಡಿದವರ ಸ್ವಂತ ಮುಂಗೈ ಒಳಭಾಗಕ್ಕೆ. ಆಮೇಲೆ ಸಂಗಾತಿಯ ಬೆನ್ನಿಗೋ ಭುಜಕ್ಕೋ ಒಂದೇ ಒಂದು. ನಿಮ್ಮ ಕೈಗೆ ಹಿತ ಅನಿಸಿದ್ದು ಅವರ ಬೆನ್ನಿಗೂ ಹಿತ ಅಂತ ಅಂದುಕೊಳ್ಳಬೇಡಿ. ಒಂದೇ ಮೈಯಲ್ಲೂ ವ್ಯತ್ಯಾಸ ಇದೆ. ತುಟಿ, ಕೆನ್ನೆ ಬಿಸಿಯನ್ನು ಬಹಳ ಚುರುಕಾಗಿ ಗುರುತಿಸುತ್ತವೆ, ಪಾದ ಬಲು ಮಂದ. ಮುಖ, ಗುಪ್ತಾಂಗ, ಮೊಲೆತೊಟ್ಟು, ಗಾಯವಾದ ಅಥವಾ ಆಗಷ್ಟೇ ಶೇವ್ ಮಾಡಿದ ಚರ್ಮ, ಇವಕ್ಕೆ ಮೇಣ ಬೇಡ. ಕೈಕಾಲು ಕಟ್ಟಿ ಮೇಣ ಹಾಕುವುದೂ ಬೇಡ. ಉರಿದಾಗ ಕೊಡವಿಕೊಳ್ಳಲು ಕೈ ಖಾಲಿ ಇರಬೇಕು.

ಮುಂಚೆಯೇ ಚರ್ಮಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಮೇಣ ಸುಲಭವಾಗಿ ಬಿಡುತ್ತದೆ, ಕೂದಲು ಕೀಳುವುದಿಲ್ಲ. ಆದರೆ ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕಾಂಡೋಮ್ ದುರ್ಬಲವಾಗಿ ಹರಿದುಹೋಗುತ್ತದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಮತ್ತೆ, ಹಾಸಿಗೆ ಪಕ್ಕ ಬೆಂಕಿ ಇದೆ ಅನ್ನುವುದು ನೆನಪಿರಲಿ. ನೈಲಾನ್ ರಗ್ಗು, ಬಿಚ್ಚಿದ ತಲೆಗೂದಲು ದೂರ. ಒಂದು ಚೊಂಬು ನೀರು, ಒಂದು ಒದ್ದೆ ಟವೆಲ್ ಹತ್ತಿರ.

ಎಣ್ಣೆ ಮತ್ತು ಹಂಡೆ ನೀರು

ಡಿಸೆಂಬರ್ ಬೆಳಿಗ್ಗೆ ಮಡಿಕೇರಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗು ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕರಗಿಸಲು ಬಾಣಲೆಯಲ್ಲಿಟ್ಟು ಒಲೆಗೆ ಏರಿಸಬೇಡಿ. ಎಣ್ಣೆ ಕುದಿಯುವುದಿಲ್ಲ, ಹಬೆ ಬಿಡುವುದಿಲ್ಲ. ನೂರು ದಾಟಿದರೂ ನೋಡಲು ಹಾಗೇ ಇರುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ. ಕರಗಿದ ಮೇಲೆ ಮಣಿಕಟ್ಟಿಗೆ ಹಾಕಿ ನೋಡಿ, 40ರ ಒಳಗೆ ಇದ್ದರೆ ಬೆಚ್ಚಗೆ ಅನಿಸುತ್ತದೆ, ಚುರುಕ್ ಅನ್ನುವುದಿಲ್ಲ. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಊಹೆಯೇ ಬೇಡ.

ಒಟ್ಟಿಗೆ ಸ್ನಾನ ಮಾಡುವವರಿಗೂ ಒಂದು ಮಾತು. ಮಡಿಕೇರಿಯ ಎತ್ತರದಲ್ಲಿ ನೀರು 100ರ ಬದಲು 96ರ ಹತ್ತಿರ ಕುದಿಯುತ್ತದೆ. ಅದರಿಂದ ಚರ್ಮಕ್ಕೇನೂ ಉಳಿತಾಯ ಆಗುವುದಿಲ್ಲ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ನೀರು. ರಬ್ಬರ್ ಬಿಸಿನೀರಿನ ಚೀಲಕ್ಕೆ ಕುದಿಯುವ ನೀರು ಹಾಕಬೇಡಿ, ಟವೆಲ್ ಸುತ್ತದೆ ಇಡಬೇಡಿ, ಅದರ ಮೇಲೆ ನಿದ್ದೆ ಹೋಗಬೇಡಿ. 44ರ ಲೆಕ್ಕ ನೆನಪಿದೆಯಲ್ಲ, ಹಿತ ಅನಿಸುವ ಬಿಸಿಯೂ ರಾತ್ರಿಯಿಡೀ ಒಂದೇ ಜಾಗದಲ್ಲಿದ್ದರೆ ಸುಡುತ್ತದೆ.

ಕೋಣೆ ಬೆಚ್ಚಗಾಗಲಿ ಅಂತ ಕೆಂಡದ ಅಗ್ಗಿಷ್ಟಿಕೆ ಒಳಗಿಟ್ಟು ಕಿಟಕಿ ಮುಚ್ಚುವುದು ಈ ಲೇಖನದಲ್ಲಿರುವ ಎಲ್ಲ ಅಪಾಯಗಳಿಗಿಂತ ದೊಡ್ಡದು. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಹಾಗೆಯೇ.

ಸುಡದೆ ಉರಿಯುವುದು

ಗಾಂಧಾರಿ ಮೆಣಸಿನ ಖಾರ ಬಾಯಿಗೆ 'ಬಿಸಿ' ಅನಿಸುವುದು ಯಾಕೆ ಗೊತ್ತಾ? ಅದರಲ್ಲಿರುವ ಕ್ಯಾಪ್ಸೈಸಿನ್, 43 ಡಿಗ್ರಿಗೆ ತೆರೆಯಬೇಕಾದ ಆ ಬಾಗಿಲನ್ನೇ ಸುಳ್ಳು ಕೀಲಿ ಹಾಕಿ ತೆರೆಯುತ್ತದೆ. ನಮ್ಮ ತೋಟದ ಕರಿಮೆಣಸಿನ ಪೈಪರಿನ್ ಕೂಡ ಅದೇ ಕೆಲಸ ಮಾಡುತ್ತದೆ, ಸ್ವಲ್ಪ ಮೆಲ್ಲಗೆ. ಪುದೀನದ ಮೆಂಥಾಲ್ ತಂಪಿನ ಬಾಗಿಲು ತೆರೆಯುತ್ತದೆ. ನಿಜವಾದ ಬಿಸಿ, ನಿಜವಾದ ಚಳಿ ಎರಡೂ ಅಲ್ಲಿಲ್ಲ. ಆದರೆ ಐಸನ್ನು ಆಚೆ ಇಟ್ಟಂತೆ ಇದನ್ನು ಆಚೆ ಇಡಲಾಗುವುದಿಲ್ಲ. ಹಚ್ಚಿದ ಮೇಲೆ ಅದಾಗಿ ಇಳಿಯುವವರೆಗೂ ಉರಿಯುತ್ತಿರುತ್ತದೆ. ಹಾಗಾಗಿ ಮೆಣಸು, ನೋವಿನ ಮುಲಾಮು, ನೀಲಗಿರಿ ಎಣ್ಣೆ ಆಟಕ್ಕೆ ಬೇಡ. ಮುಲಾಮು ಹಚ್ಚಿದ ಜಾಗಕ್ಕೆ ಬಿಸಿ ಚೀಲ ಇಡುವುದು ಇನ್ನೂ ಕೆಟ್ಟದ್ದು, ಅಲ್ಲಿ ಚರ್ಮದ ಲೆಕ್ಕವೇ ತಪ್ಪಿರುತ್ತದೆ.

ಪಂದಿ ಕರಿಗೆ ಮಸಾಲೆ ಅರೆದ ಕೈಯಲ್ಲೇ ಹಾಸಿಗೆಗೆ ಬಂದು ಪಟ್ಟ ಪಾಡನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಖಾರ ನೀರಿಗೆ ಹೋಗುವುದಿಲ್ಲ. ಮೊದಲು ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು.

ಯಾರಿಗೆ ಬೇಡ

ಸಕ್ಕರೆ ಕಾಯಿಲೆಯಿಂದ ಕೈಕಾಲಿನ ಸ್ಪರ್ಶ ಮಂದವಾದವರಿಗೆ ಬಿಸಿ ತಾಗಿದ್ದೇ ಗೊತ್ತಾಗದೆ ಹೋಗಬಹುದು. ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನಾಡ್ ತೊಂದರೆ ಇರುವವರು, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರು ಐಸ್‌ನಿಂದ ದೂರವಿರಬೇಕು. ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿಪಿ ಇದ್ದರೆ ಏಕಾಏಕಿ ಚಳಿ ಬೇಡ. ಬಸುರಿಯರು ತುಂಬಾ ಬಿಸಿನೀರಿನಲ್ಲಿ ಕೂರಬಾರದು. ಅನುಮಾನ ಇದ್ದರೆ ಡಾಕ್ಟರನ್ನು 'ಐಸ್, ಬಿಸಿ ಶಾಖ ಕೊಡಬಹುದಾ' ಅಂತ ಕೇಳಿದರೆ ಸಾಕು, ಯಾಕೆ ಅಂತ ಹೇಳಲೇಬೇಕಿಲ್ಲ.

ಸುಟ್ಟರೆ

ಮೊದಲು ನಲ್ಲಿ ಕೆಳಗೆ ಹಿಡಿಯಿರಿ. ಹರಿಯುವ ತಂಪು ನೀರು, ಪೂರ್ತಿ 20 ನಿಮಿಷ. ಎರಡು ನಿಮಿಷಕ್ಕೆ ಉರಿ ಇಳಿಯಿತು ಅಂತ ನಿಲ್ಲಿಸಬೇಡಿ. ಚರ್ಮದ ಆಳದಲ್ಲಿ ಬಿಸಿ ಇನ್ನೂ ಕೆಲಸ ಮಾಡುತ್ತಿರುತ್ತದೆ. ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಪ್ರಯೋಜನ ಇದೆ. ಉಂಗುರ, ಬಳೆ ಊದುವ ಮೊದಲೇ ತೆಗೆಯಿರಿ. ಐಸ್ ಇಡಬೇಡಿ. ಪೇಸ್ಟು, ತುಪ್ಪ, ಅರಿಶಿನ, ಜೇನು, ಯಾವುದೂ ಬೇಡ. ಮೇಣ ಅಂಟಿದ್ದರೆ ನೀರಿನಲ್ಲೇ ತಣ್ಣಗಾಗಲಿ, ಕೀಳಬೇಡಿ. ಆಮೇಲೆ ಸ್ವಚ್ಛ ಬಟ್ಟೆ ಸಡಿಲವಾಗಿ ಮುಚ್ಚಿ.

ಸುಟ್ಟದ್ದು ಸುಟ್ಟವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ ಅಥವಾ ಗುಪ್ತಾಂಗದಲ್ಲಿದ್ದರೆ, ಬೊಬ್ಬೆ ಎದ್ದರೆ, ಚರ್ಮ ಬೆಳ್ಳಗಾಗಿ ನೋವೇ ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ರಾತ್ರಿ ತೋಟದ ಮನೆಯಿಂದ ಹೊರಡುವ ದಾರಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹೇಗಾಯಿತು ಅಂತ ಸುಳ್ಳು ಕಟ್ಟಬೇಡಿ. 'ಬಿಸಿ ಮೇಣ ಬಿತ್ತು' ಅನ್ನುವುದು ನಿಜವೇ ತಾನೇ. ಚಿಕಿತ್ಸೆಗೆ ಅಷ್ಟು ಮಾಹಿತಿ ಸಾಕು.

ಐಸ್‌ನಿಂದ ಚರ್ಮ ಬಿಳಿಚಿ, ಗಟ್ಟಿಯಾದರೆ ಉಜ್ಜಬೇಡಿ, ಒಲೆಗೂ ಹಿಡಿಯಬೇಡಿ. ಕಂಕುಳಲ್ಲೋ ಅಂಗೈಯಲ್ಲೋ ಇಟ್ಟು ಮೈಯ ಬಿಸಿಯಲ್ಲೇ ಮೆಲ್ಲಗೆ ಬೆಚ್ಚಗಾಗಲಿ. ಬಣ್ಣ ಮರಳದಿದ್ದರೆ ಡಾಕ್ಟರು.

ಏನೂ ಆಗದಿದ್ದರೂ ಆಟ ಮುಗಿದ ತಕ್ಷಣ ಎದ್ದು ಮೊಬೈಲ್ ಹಿಡಿಯಬೇಡಿ. ಮೈ ಚಳಿ-ಬಿಸಿಯ ಏರಿಳಿತ ಕಂಡಿರುತ್ತದೆ, ಸ್ವಲ್ಪ ನಡುಕ ಬರಬಹುದು. ಒಂದು ಕಂಬಳಿ, ಬೆಲ್ಲದ ಕಾಫಿ, 'ಯಾವುದು ಹಿಡಿಸ್ತು, ಯಾವುದು ಬೇಡ ಅನಿಸ್ತು' ಅಂತ ಹತ್ತು ನಿಮಿಷದ ಮಾತು. ಮೇಣವನ್ನು ಉಗುರಿನಿಂದ ಕೆರೆಯುವ ಬದಲು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಿ, ಉಳಿದದ್ದಕ್ಕೆ ಕೊಬ್ಬರಿ ಎಣ್ಣೆ. ಮರುದಿನ ನೋಡಿದರೆ ಹೋಂಸ್ಟೇಯ ಬಿಳಿ ಬೆಡ್‌ಶೀಟ್ ಮೇಲೂ ನಾಲ್ಕು ಹನಿ ಇರುತ್ತದೆ. ಗಾಬರಿ ಬೇಡ. ಅದರ ಮೇಲೊಂದು, ಕೆಳಗೊಂದು ಪ್ರಿಂಟ್ ಇಲ್ಲದ ಕಾಗದ ಇಟ್ಟು ಹದವಾಗಿ ಬಿಸಿಯಾದ ಇಸ್ತ್ರಿಪೆಟ್ಟಿಗೆ ಆಡಿಸಿ. ಮೇಣವೆಲ್ಲ ಕಾಗದಕ್ಕೆ ಹೋಗುತ್ತದೆ.